ನೆಗ್ಗಣ್ಣನ ತಂಪು ಕನ್ನಡಕ

ನನ್ನ ಭಾವನನ್ನು ನಿಜವಾದ ಹೆಸರು ಹಿಡಿದು ಕರೆದರೆ ಅವರೇ ತಿರುಗಿ ನೋಡುವುದಿಲ್ಲ. ಎಲ್ಲರಿಗೂ ಅವರು ನೆಗ್ಗಣ್ಣ. ಎಲ್ಲೋ ಗುದ್ದಿಸಿಕೊಂಡು ಬಂದ ಕಾರಿನ ನೆಗ್ಗು ತೆಗೆದು ತಗಡನ್ನು ಮೊದಲಿನ ಹಾಗೆ ಸಪಾಟು ಮಾಡುವುದು ಅವರ ಕಸುಬು. ಆಮೇಲೆ ಅದಕ್ಕೆ ಬಣ್ಣ ಹೊಡೆಯುವುದು ನನ್ನ ಕಸುಬು. ‘ಇವನ ಅಕ್ಕನನ್ನು ಕಟ್ಟಿಕೊಂಡೆ, ಜೊತೆಗೆ ಇವನೂ ಬಂದ’ ಎಂದು ಗಿರಾಕಿಗಳ ಮುಂದೆ ಹೇಳಿ ನಗುವುದು ಅವರ ಅಭ್ಯಾಸ. ಒಂದೇ ಶೆಡ್ಡಿನಲ್ಲಿ, ನಡುವೆ ಒಂದು ಪ್ಲಾಸ್ಟಿಕ್ ಪರದೆ ಇಳಿಬಿಟ್ಟುಕೊಂಡು, ಇಬ್ಬರ ತಲೆಯೂ ನರೆಯುವಷ್ಟು ಕಾಲ ದುಡಿದಿದ್ದೇವೆ.

ಅವರಿಗೊಂದು ಚಾಳಿ. ಹೊಳೆಯುವ ವಸ್ತು ಕಂಡರೆ ಸುಮ್ಮನೆ ದಾಟಿ ಹೋಗುವುದಿಲ್ಲ. ಸೊಂಟ ಬಗ್ಗಿಸಿ, ಬೆಳಕು ಅದರ ಮೇಲೆ ಹೇಗೆ ಹರಿಯುತ್ತದೆ ಎಂದು ನೋಡಲೇಬೇಕು. ಅಕ್ಕ ಮಗಳನ್ನು ಹೆತ್ತು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಮಗು ನೋಡಲು ಬಂದ ಈ ಮಹಾನುಭಾವ ಮೊದಲು ನೋಡಿದ್ದು ಮಂಚದ ಪಕ್ಕದ ಸ್ಟೀಲ್ ಕಪಾಟನ್ನು. ಯಾರೋ ಗಾಲಿಕುರ್ಚಿ ತಂದು ಗುದ್ದಿಸಿದ್ದಾರೆ ಎಂದರಂತೆ. ಅಕ್ಕ ಅದನ್ನು ಈವತ್ತಿಗೂ ಮರೆತಿಲ್ಲ. ಮರೆಯುವ ಉದ್ದೇಶವೂ ಅವಳಿಗಿಲ್ಲ.

ನಮ್ಮ ಕೆಲಸದ ರೀತಿಯನ್ನು ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಭಾವ ತಗಡನ್ನು ಬಡಿದು ಎಬ್ಬಿಸುತ್ತಾರೆ, ಉಳಿದ ತಗ್ಗಿಗೆ ಪುಟ್ಟಿ ತುಂಬುತ್ತಾರೆ, ಒಣಗಿದ ಮೇಲೆ ಉಜ್ಜುತ್ತಾರೆ, ಮೇಲೆ ಪ್ರೈಮರ್ ಹೊಡೆದು ಮತ್ತೆ ಉಜ್ಜುತ್ತಾರೆ. ಆಗ ಆ ಜಾಗ ಬೂದಿ ಬಳಿದ ಹಾಗೆ ಮಂಕಾಗಿರುತ್ತದೆ. ಮಂಕು ತಗಡಿನಲ್ಲಿ ಏರುತಗ್ಗು ಕಾಣುವುದಿಲ್ಲ. ಅಂಗೈ ಸವರಿದರೆ ದೊಡ್ಡದು ತಿಳಿಯುತ್ತದೆ, ಆದರೆ ಜೀವನವೆಲ್ಲ ಸುತ್ತಿಗೆ ಹಿಡಿದ ಕೈಗೆ ಸಣ್ಣದು ತಿಳಿಯುವುದಿಲ್ಲ. ಅದಕ್ಕೆ ಭಾವ ಒಂದು ಒದ್ದೆ ಬಟ್ಟೆ ತೆಗೆದುಕೊಂಡು ಆ ಜಾಗವನ್ನೆಲ್ಲ ಒಮ್ಮೆ ಒರೆಸುತ್ತಾರೆ. ನೀರು ಆರುವವರೆಗೆ ತಗಡು ಹೊಳೆಯುತ್ತದೆ. ಅಷ್ಟು ಹೊತ್ತಿನಲ್ಲಿ ಅವರು ನೋಡಬೇಕಾದ್ದನ್ನೆಲ್ಲ ನೋಡಿ ಮುಗಿಸುತ್ತಾರೆ. ಹೊಳಪು ಎಲ್ಲಿ ಬಳುಕುತ್ತದೋ ಅಲ್ಲಿ ತಗ್ಗಿದೆ ಎಂದು ಲೆಕ್ಕ. ಎಲ್ಲ ಸರಿಯಿದ್ದರೆ ಪರದೆಯ ಆಚೆಗೆ ಕೇಳುವಂತೆ ‘ಹೂಂ, ಹೊಡಿ’ ಎನ್ನುತ್ತಾರೆ. ನಾನು ಬಣ್ಣ ಹೊಡೆಯುತ್ತೇನೆ. ಅವರು ಹೂಂ ಎಂದ ಮೇಲೆ ನಾನು ಪರೀಕ್ಷೆ ಮಾಡುವುದಿಲ್ಲ. ಒಂದು ಕೆಲಸಕ್ಕೆ ಇಬ್ಬರು ಯಜಮಾನರಾದರೆ ಶೆಡ್ಡಿನಲ್ಲಿ ಜಗಳವೇ ಆಗುತ್ತದೆ, ಕೆಲಸ ಆಗುವುದಿಲ್ಲ.

ಹೀಗೆ ನಡೆದುಕೊಂಡು ಹೋಗುತ್ತಿದ್ದಾಗ ನಮ್ಮ ಎದುರಿಗೆ ಹೊಸ ಕಟ್ಟಡ ಎದ್ದಿತು, ಮುಂಭಾಗವೆಲ್ಲ ಗಾಜು. ಮಧ್ಯಾಹ್ನವಾಯಿತೆಂದರೆ ಬಿಸಿಲು ಆ ಗಾಜಿಗೆ ಬಡಿದು ನೇರ ನಮ್ಮ ಶೆಡ್ಡಿನೊಳಗೆ ಬಂದು ಕೂರುತ್ತಿತ್ತು. ಬಿಳಿ ಕಾರು ನಿಂತಿದ್ದರಂತೂ ಕೇಳುವುದೇ ಬೇಡ. ಭಾವನಿಗೆ ದಿನವೂ ತಲೆನೋವು. ಸಂಜೆ ಮನೆಗೆ ಹೋಗುವ ದಾರಿಯೂ ಪಡುವಣಕ್ಕೇ. ಒಂದು ದಿನ ಅಕ್ಕನನ್ನು ಹಿಂದೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಹೋಗುವಾಗ, ರಸ್ತೆ ದಾಟುತ್ತಿದ್ದ ಒಬ್ಬ ಮುದುಕಿ ಅವರಿಗೆ ಕಾಣಲೇ ಇಲ್ಲ. ಅಕ್ಕ ಬೆನ್ನಿಗೆ ಗುದ್ದಿ ಕೂಗಿದ್ದಕ್ಕೆ ಮುದುಕಿ ಉಳಿದಳು.

ಕಣ್ಣಾಸ್ಪತ್ರೆಗೆ ಹೋಗಿ ಎಂದರೆ ಭಾವ ಜಪ್ಪಯ್ಯ ಎಂದರೂ ಒಪ್ಪುವವರಲ್ಲ. ಅದಕ್ಕೆ ಕಾರಣ ಅವರ ತಾಯಿ. ಆಕೆಗೆ ಅರವತ್ತರ ಸುಮಾರಿಗೆ ಕಣ್ಣು ಹೋಯಿತು. ಒಂದೇ ದಿನ ಹೋಗಲಿಲ್ಲ. ಮೊದಲು ಅಕ್ಕಪಕ್ಕದ್ದು ಕಾಣದಾಯಿತು, ಬಾಗಿಲ ಚೌಕಟ್ಟಿಗೆ ಭುಜ ತಗುಲಿಸಿಕೊಳ್ಳುತ್ತಿದ್ದರು. ಆಮೇಲೆ ಎದುರಿನದೂ ಹೋಯಿತು. ವಯಸ್ಸಾಯಿತು ಎಂದು ಎಲ್ಲರೂ ಸುಮ್ಮನಾದರು. ಕೊನೆಯ ವರ್ಷಗಳಲ್ಲಿ ಆಕೆ ಗೋಡೆ ಸವರಿಕೊಂಡು ಓಡಾಡಿದ ಗುರುತು ಆ ಮನೆಯ ಸುಣ್ಣದ ಮೇಲೆ ಹಾಗೇ ಇತ್ತು. ಅದನ್ನು ಕಣ್ಣಾರೆ ನೋಡಿದ ಮಗ ಭಾವ. ಆಸ್ಪತ್ರೆಯ ಮೆಟ್ಟಿಲು ಹತ್ತಿದರೆ ತಾನೆ ಕಾಯಿಲೆ ಗೊತ್ತಾಗುವುದು, ಹತ್ತದಿದ್ದರೆ ಆಯಿತು ಎನ್ನುವುದು ಅವರ ತರ್ಕ. ಇಂಥ ತರ್ಕಕ್ಕೆ ನಾನು ಬೈಗುಳದಲ್ಲೇ ಉತ್ತರ ಕೊಡುತ್ತಿದ್ದೆ.

ಕೊನೆಗೆ ಮಗಳು ಹಟ ಹಿಡಿದು ಆಸ್ಪತ್ರೆಯ ಬದಲು ಕನ್ನಡಕದ ಅಂಗಡಿಗೆ ಎಳೆದುಕೊಂಡು ಹೋದಳು. ಭಾವನಿಗೆ ಚಿಕ್ಕಂದಿನಿಂದಲೂ ದಪ್ಪ ಗಾಜಿನ ಕನ್ನಡಕ, ಅದಿಲ್ಲದಿದ್ದರೆ ಎದುರು ನಿಂತವರು ಹೆಂಗಸೋ ಗಂಡಸೋ ತಿಳಿಯುವುದಿಲ್ಲ. ಹಳೆಯದಕ್ಕೆ ಗ್ರೈಂಡರಿನ ಕಿಡಿ ಸಿಡಿದು ಗಾಜೆಲ್ಲ ಚುಕ್ಕೆ ಚುಕ್ಕೆಯಾಗಿತ್ತು. ಅಂಗಡಿಯವನು ಅವರ ಪವರನ್ನೇ ಹಾಕಿ ಪೋಲರೈಸ್ಡ್ ತಂಪು ಕನ್ನಡಕ ಮಾಡಿಕೊಟ್ಟ. ಒಂದರಲ್ಲೇ ಎರಡು ಕೆಲಸ ಆಯಿತಲ್ಲ ಎಂದು ಮಗಳು ಹಳೆಯದನ್ನು ಕಸದ ಬುಟ್ಟಿಗೆ ಹಾಕಿದಳು.

ಭಾವ ಮರುದಿನ ಕಪ್ಪು ಕನ್ನಡಕದಲ್ಲಿ ಶೆಡ್ಡಿಗೆ ಬಂದಾಗ, ಶೂಟಿಂಗ್ ಎಲ್ಲಿ ಎಂದು ನಾನು ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಅಷ್ಟು ಖುಷಿಯಲ್ಲಿದ್ದರು. ಎದುರಿನ ಗಾಜಿನ ಕಟ್ಟಡ ಬಾಲ ಮುದುರಿಕೊಂಡು ಕೂತಿದೆ ಎಂದರು. ತಲೆನೋವು ಹೋಯಿತು. ಎದುರು ಬರುವ ಕಾರಿನ ಗಾಜಿನ ಹಿಂದೆ ಡ್ರೈವರಿನ ಮುಖ ಕಾಣುತ್ತದೆ, ಅವನು ಆಕಳಿಸಿದ್ದೂ ಕಾಣುತ್ತದೆ ಎಂದರು. ಮನೆಯ ದಾರಿಯಲ್ಲಿ ಒಂದು ಕೆರೆಯಿದೆ. ಸಂಜೆ ಅದರ ಕಡೆ ಮುಖ ಮಾಡುವ ಹಾಗಿರಲಿಲ್ಲ, ನೀರೆಲ್ಲ ಬೆಂಕಿ. ಈಗ ಅವರು ಅಲ್ಲಿ ಸ್ಕೂಟರ್ ನಿಲ್ಲಿಸಿ, ನೀರಿನೊಳಗೆ ಓಡಾಡುವ ಮೀನನ್ನೂ ತಳದಲ್ಲಿ ಬಿದ್ದ ಸೈಕಲ್ ಟೈರನ್ನೂ ಅಕ್ಕನಿಗೆ ಕೈ ಮಾಡಿ ತೋರಿಸಿದರಂತೆ. ಅಕ್ಕನಿಗೆ ಒಂದೂ ಕಾಣಲಿಲ್ಲ, ಆದರೂ ಅವಳಿಗೆ ಹಿಗ್ಗು. ಮದುವೆಯಾದಾಗಿನಿಂದ ಈ ಮನುಷ್ಯ ನೆಗ್ಗಿಲ್ಲದ ಒಂದು ವಸ್ತುವನ್ನು ತನಗೆ ತೋರಿಸಿದ್ದು ಇದೇ ಮೊದಲು ಎಂದು ನನಗೆ ಫೋನ್ ಮಾಡಿ ಹೇಳಿದಳು.

ಒಂದೇ ಒಂದು ತಕರಾರು, ಅದೂ ಫೋನಿನ ಮೇಲೆ. ಕ್ರಿಕೆಟ್ ನೋಡಲು ಫೋನನ್ನು ಅಡ್ಡ ಹಿಡಿದರೆ ಪರದೆ ಕಪ್ಪಾಗುತ್ತದೆ ಎಂದು ರಿಪೇರಿಗೆ ಕೊಟ್ಟು ಬಂದರು. ರಿಪೇರಿಯವನು ಏನೂ ಆಗಿಲ್ಲ ಎಂದು ವಾಪಸು ಕೊಟ್ಟ. ಅವನಿಗೆ ಕೆಲಸ ಬರುವುದಿಲ್ಲ ಎಂದು ಭಾವ ತೀರ್ಮಾನಿಸಿದರು.

ಮೊದಲ ದೂರು ಬಂದದ್ದು ಶಾಲೆಯ ಮೇಷ್ಟ್ರಿಂದ. ನಾನು ಬಣ್ಣ ಹೊಡೆದು ಕಳಿಸಿದ ಅವರ ಕಾರಿನ ಬಾನೆಟ್ಟಿನ ಮೇಲೆ ಕರೆಂಟ್ ಕಂಬದ ತಂತಿಯ ಪ್ರತಿಬಿಂಬ ಬಿದ್ದಿತ್ತು. ತಂತಿ ನೆಟ್ಟಗಿದ್ದರೂ ಪ್ರತಿಬಿಂಬ ಹಾವಿನಂತೆ ಹರಿದಾಡುತ್ತಿತ್ತು. ನಾನು ತಪ್ಪೊಪ್ಪಿಕೊಂಡು ಕಾರು ಒಳಗೆ ಬಿಡಿಸಿಕೊಂಡೆ. ಅದೇ ವಾರ ಔಷಧಿ ಅಂಗಡಿಯವನು ಬಂದ, ಅವನ ಕಾರಿನ ಚಾವಣಿಯ ಮೇಲೆ ಅಂಗೈಯಗಲದ ಎರಡು ತಗ್ಗು. ಆಮೇಲೆ ಇನ್ನೊಂದು ಬಾನೆಟ್. ಬಾಗಿಲುಗಳ ಬಗ್ಗೆ ಯಾರೂ ಚಕಾರ ಎತ್ತಲಿಲ್ಲ, ಅವೆಲ್ಲ ಕನ್ನಡಿಯಂತಿದ್ದವು. ತಪ್ಪಿದ್ದೆಲ್ಲ ಮೇಲ್ಮುಖವಾಗಿ ಮಲಗಿದ ತಗಡು. ಆಗ ಅದು ನನ್ನ ತಲೆಗೆ ಹೊಳೆಯಲಿಲ್ಲ. ನನ್ನ ತಲೆಗೆ ಏರಿದ್ದು ಸಿಟ್ಟು ಮಾತ್ರ.

ಪರದೆ ಸರಿಸಿ ಹೋಗಿ ಬಾಯಿಗೆ ಬಂದ ಹಾಗೆ ಅಂದೆ. ಭಾವನೂ ಬಿಡಲಿಲ್ಲ, ನಿನ್ನ ಬಣ್ಣ ಒಣಗಿ ಕುಗ್ಗಿದೆ, ಅಗ್ಗದ ಡಬ್ಬಿ ತಂದಿದ್ದೀಯ ಎಂದರು. ನನ್ನ ಬಣ್ಣದ ಡಬ್ಬಿಯನ್ನು ಅಂದರೆ ನನ್ನ ಅಪ್ಪನನ್ನು ಅಂದ ಹಾಗೆ. ಅಲ್ಲಿಂದ ಕೆಲವು ದಿನ ನಾವಿಬ್ಬರೂ ಬೇರೆ ಬೇರೆ ಹೊತ್ತಿಗೆ ಟೀ ಕುಡಿದೆವು. ಟೀ ಅಂಗಡಿಯವಳು, ಮನೇಲಿ ಎಲ್ಲ ಸರಿ ಇದ್ದಾರಾ ಎಂದು ವಿಚಾರಿಸುವ ಮಟ್ಟಕ್ಕೆ ಬಂತು.

ಜಗಳ ಮುಗಿಸಿಬಿಡೋಣ ಎಂದು ನಾನೇ ಒಂದು ದಿನ ಮೇಷ್ಟ್ರ ಕಾರಿನ ಬಾನೆಟ್ಟಿನ ಬಣ್ಣ ಉಜ್ಜಿ ತೆಗೆದು, ಒದ್ದೆ ಬಟ್ಟೆ ಒರೆಸಿ, ಭಾವನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡೆ. ನನಗೆ ನೋಡಿದ ಕೂಡಲೇ ಕಂಡಿತು. ನಡುವೆ ಒಂದು ತಗ್ಗು, ಅದರ ಆಚೆ ಒಂದು ಉಬ್ಬು. ಬೆರಳಿಟ್ಟು ತೋರಿಸಿದೆ. ಭಾವ ಬಗ್ಗಿ ನೋಡಿದರು, ಇನ್ನಷ್ಟು ಬಗ್ಗಿ ನೋಡಿದರು. ಬಟ್ಟೆ ಕಿತ್ತುಕೊಂಡು ತಾವೇ ಮತ್ತೆ ಒರೆಸಿದರು. ಕನ್ನಡಕ ತೆಗೆದು ನೋಡಿದರು, ತೆಗೆದರೆ ಎಲ್ಲವೂ ಮಸುಕು. ಮತ್ತೆ ಹಾಕಿಕೊಂಡರು. ಆಮೇಲೆ ನನ್ನ ಮುಖ ನೋಡಿದರು. ಆ ಮುಖ ನೋಡಿ ನನ್ನ ಸಿಟ್ಟು ಅಲ್ಲೇ ಇಳಿದುಹೋಯಿತು.

“ನನಗೆ ಎಲ್ಲಾ ಸಪಾಟಾಗೇ ಕಾಣ್ತಿದೆ ಕಣೋ,” ಎಂದರು. “ನೀರು ಒರೆಸಿದ ಹಾಗೇ ಕಾಣ್ತಿಲ್ಲ. ಅಮ್ಮನಿಗೆ ಶುರುವಾಗಿತ್ತಲ್ಲ, ಅದೇ ಇದು.”

ಅವರು ಸುತ್ತಿಗೆಗಳನ್ನು ಒಂದೊಂದಾಗಿ ಒರೆಸಿ ಗೋಡೆಯ ಮೊಳೆಗಳಿಗೆ ತೂಗುಹಾಕಿದರು. ಈ ತಿಂಗಳು ಕೈಯಲ್ಲಿರುವ ಕೆಲಸ ಮುಗಿಸಿ ನಿಲ್ಲಿಸುತ್ತೇನೆ, ಬೇರೆ ಯಾರನ್ನಾದರೂ ನೋಡಿಕೋ ಎಂದರು. ನಿಮ್ಮಕ್ಕನಿಗೆ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡರು. ನಾನು ಆಯಿತು ಎಂದೆ. ಅವತ್ತು ಬಣ್ಣ ಕಲಸುವಾಗ ಅಳತೆ ತಪ್ಪಿ ಎರಡು ಸಲ ಚೆಲ್ಲಿದೆ.

ಮಾತು ಉಳಿಸಿಕೊಳ್ಳುವ ಅವಕಾಶ ನನಗೆ ಸಿಗಲಿಲ್ಲ. ರಜೆಯ ದಿನ ಅಕ್ಕ ನಮ್ಮ ಮನೆಗೆ ಬಂದಳು, ಬಂದವಳು ಕೂರಲೂ ಇಲ್ಲ. ಮಧ್ಯಾಹ್ನ ಬಟ್ಟೆ ಒಣಹಾಕಿ ಒಳಗೆ ಬಂದರೆ ಭಾವ ಅಡುಗೆಮನೆಯಲ್ಲಿ ಕಣ್ಣು ಮುಚ್ಚಿಕೊಂಡು ನಿಂತಿದ್ದರಂತೆ. ಕೈಯಿಂದ ಡಬ್ಬಿಗಳನ್ನು ಮುಟ್ಟಿ ಮುಟ್ಟಿ, ಇದು ಉಪ್ಪು, ಇದು ಸಕ್ಕರೆ ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರಂತೆ. ಆಮೇಲೆ ಕಣ್ಣು ತೆರೆಯದೆಯೇ ಗೋಡೆ ಹಿಡಿದುಕೊಂಡು ಬಚ್ಚಲಿನವರೆಗೆ ಹೋಗಿ ಬಂದರಂತೆ. ಬಾಗಿಲಲ್ಲಿ ನಿಂತ ಅಕ್ಕನಿಗೆ ಕರೆಯಲೂ ಧೈರ್ಯ ಬರಲಿಲ್ಲ.

“ಅವರು ಕಲೀತಿದ್ದಾರೆ ಕಣೋ,” ಎಂದಳು ಅಕ್ಕ. “ಕಣ್ಣಿಲ್ಲದೆ ಇರೋದನ್ನ ಈಗಿಂದಲೇ ಕಲೀತಿದ್ದಾರೆ. ನಿನಗೇನೋ ಗೊತ್ತಿದೆ, ಹೇಳು.”

ಹೇಳಿದೆ. ಅಕ್ಕ ಅಳಲಿಲ್ಲ, ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಹೋದಳು. ಆಸ್ಪತ್ರೆಗೆ ಹೊರಡಿಸಲು ಅವಳು ಎಷ್ಟು ಕೇಳಿಕೊಂಡರೂ ಭಾವ ಜಗ್ಗಲಿಲ್ಲ. ನಾನು ಶೆಡ್ಡಿನಲ್ಲಿ ಕೂಗಾಡಿದೆ. ಗೊತ್ತಿರುವುದನ್ನೇ ಇನ್ನೊಬ್ಬರ ಬಾಯಿಂದ ಕೇಳಲು ಯಾಕೆ ಹೋಗಬೇಕು ಎಂದು ತಣ್ಣಗೆ ಕೇಳಿ ಮತ್ತೆ ಕೆಲಸಕ್ಕೆ ಬಗ್ಗಿದರು.

ಎರಡು ದಿನ ಬಿಟ್ಟು ಒಂದು ಕೆಂಪು ಕಾರು ಒಳಗಿತ್ತು. ಭಾವನ ಕುತ್ತಿಗೆ ಉಳುಕಿತ್ತು. ನಿದ್ದೆಯಿಲ್ಲದೆ ಹೊರಳಾಡಿದವರಿಗೆ ಕುತ್ತಿಗೆ ಉಳುಕದೆ ಇನ್ನೇನು. ಪರದೆಯ ಆಚೆಯಿಂದ ಅವರು ಬಟ್ಟೆ ಹಿಂಡಿದ ಸದ್ದು ಕೇಳಿತು, ಬಾನೆಟ್ ಒರೆಸಿದ ಸದ್ದು ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ಹೂಂ ಎನ್ನಲೂ ಇಲ್ಲ, ಹೊಡಿ ಎನ್ನಲೂ ಇಲ್ಲ. ಪರದೆ ಸರಿಸಿದೆ. ಭಾವ ಬಾನೆಟ್ಟಿನ ಅಂಚಿಗೆ ತೋಳಿಟ್ಟು, ತೋಳಿನ ಮೇಲೆ ಕೆನ್ನೆಯಿಟ್ಟು ಒರಗಿದ್ದರು. ಅಳುತ್ತಿದ್ದಾರೆ ಎಂದುಕೊಂಡೆ.

“ಲೋ, ಬಾ ಇಲ್ಲಿ,” ಎಂದರು, ತಲೆ ಎತ್ತದೆ. “ಅಲ್ಲೊಂದು ನೆಗ್ಗಿದೆ ನೋಡು.”

ನಿಜವಾಗಿಯೂ ಇತ್ತು. ಭಾವ ನಿಧಾನವಾಗಿ ತಲೆ ನೆಟ್ಟಗೆ ಮಾಡಿದರು. ಹೋಯಿತು ಎಂದರು. ಮತ್ತೆ ಕಿವಿ ಭುಜಕ್ಕೆ ತಾಗುವಂತೆ ತಲೆ ವಾಲಿಸಿದರು. ಬಂತು ಎಂದರು. ಕಾಳು ಕಂಡ ಕೋಳಿಯ ಹಾಗೆ ತಲೆಯನ್ನು ಆ ಕಡೆ ಒಮ್ಮೆ ಈ ಕಡೆ ಒಮ್ಮೆ ವಾಲಿಸುತ್ತ, ಬಂತು, ಹೋಯಿತು, ಬಂತು, ಹೋಯಿತು ಎನ್ನತೊಡಗಿದರು. ಇವರಿಗೆ ತಲೆಯೇ ಕೆಟ್ಟಿತು ಎಂದು ನಾನು ಆ ಕನ್ನಡಕ ಕಿತ್ತು ನನ್ನ ಮೂಗಿಗೆ ಏರಿಸಿಕೊಂಡೆ. ಅವರ ಪವರಿಗೆ ನನ್ನ ಕಣ್ಣು ಗಿರ್ರೆಂದು ತಿರುಗಿತು, ಆದರೆ ಅಷ್ಟು ಮಾತ್ರ ಸ್ಪಷ್ಟವಾಗಿ ಗೊತ್ತಾಯಿತು. ತಲೆ ನೆಟ್ಟಗಿದ್ದರೆ ಒದ್ದೆ ತಗಡಿನ ಮೇಲೆ ಹೊಳಪೇ ಇಲ್ಲ, ಒಣಗಿಬಿಟ್ಟ ಹಾಗೆ. ವಾಲಿಸಿದರೆ ಹೊಳಪು ಥಟ್ಟನೆ ಬಂದು ಕೂರುತ್ತದೆ. ಅಷ್ಟರಲ್ಲಿ ಕೆಂಪು ಕಾರಿನ ಗಿರಾಕಿ ಬಂದ. ನರೆತ ತಲೆಯ ಇಬ್ಬರು ತನ್ನ ಕಾರಿನ ಮುಂದೆ ಕುತ್ತಿಗೆ ವಾಲಿಸಿಕೊಂಡು ನಿಂತದ್ದನ್ನು ನೋಡಿ, ಕೆಲಸ ಮುಗಿಯೋಕೆ ಇನ್ನೂ ತಡವಾಗುತ್ತಾ ಎಂದಷ್ಟೇ ಕೇಳಿ ಹಿಂದೆ ಸರಿದ.

ಮಗಳಿಗೆ ಫೋನ್ ಹಚ್ಚಿದೆವು. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ಅಂಗಡಿಯವನು ಅವತ್ತೇ ಎಲ್ಲ ವಿವರಿಸಿದ್ದನಂತೆ. ನೀರು, ರಸ್ತೆ, ಬಾನೆಟ್, ಹೀಗೆ ಮಲಗಿದ ವಸ್ತುಗಳಿಗೆ ತಗುಲಿ ಬರುವ ಬೆಳಕು ಅಡ್ಡಡ್ಡವಾಗಿ ಕುಣಿಯುತ್ತದೆ, ಆ ಅಡ್ಡ ಬೆಳಕನ್ನು ಈ ಗಾಜು ಒಳಗೆ ಬಿಡುವುದಿಲ್ಲ, ಅದಕ್ಕೇ ಕಣ್ಣು ಕೋರೈಸುವುದಿಲ್ಲ ಎಂದಿದ್ದನಂತೆ. ಫೋನ್ ಪರದೆ ಕಪ್ಪಾಗಬಹುದು, ರಸ್ತೆ ಒದ್ದೆಯಾಗಿದ್ದರೆ ಗೊತ್ತಾಗದೆ ಇರಬಹುದು, ಹುಷಾರು ಎಂದೂ ಹೇಳಿದ್ದನಂತೆ. ಅಪ್ಪ ಆಗ ಅಂಗಡಿಯ ಸ್ಟೀಲ್ ಕೌಂಟರಿನಲ್ಲಿ ಇದ್ದ ನೆಗ್ಗನ್ನು ನೋಡುತ್ತಿದ್ದರಂತೆ.

ನಾವಿಬ್ಬರೂ ನಕ್ಕೆವು. ಹೊಟ್ಟೆ ಹುಣ್ಣಾಗುವಷ್ಟು ನಕ್ಕು, ಪುಟ್ಟಿಯ ಡಬ್ಬಿಗಳ ಮೇಲೆ ಕೂತು ಮತ್ತೆ ನಕ್ಕೆವು. ಅವರ ಕಣ್ಣಿಗೆ ಯಾವ ಹೊಳಪು ಬೇಡವಾಗಿತ್ತೋ ಆ ಹೊಳಪಿನಿಂದಲೇ ಅವರ ಕಸುಬು ನಡೆಯುತ್ತಿತ್ತು. ಕನ್ನಡಕ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತ್ತು, ನಾವೇ ಅದನ್ನು ಬೇಡದ ಜಾಗಕ್ಕೆ ತಂದಿದ್ದೆವು. ಬಾಗಿಲುಗಳು ಯಾಕೆ ಸರಿಯಾಗಿದ್ದವು ಎಂದೂ ಈಗ ಗೊತ್ತಾಯಿತು. ನಿಂತ ತಗಡಿನ ಬೆಳಕು ಅಡ್ಡ ಕುಣಿಯುವುದಿಲ್ಲ. ಸಂಜೆಯೇ ಹೋಗಿ ಬಿಳಿ ಗಾಜಿನ ಇನ್ನೊಂದು ಕನ್ನಡಕಕ್ಕೆ ಹೇಳಿ ಬಂದೆವು. ಶೆಡ್ಡಿಗೆ ಬಿಳಿಯದು, ರಸ್ತೆಗೆ ಕಪ್ಪಿನದು. ಅದು ಕೈಗೆ ಬಂದ ಮೇಲೆ ಭಾವ ಕೆಟ್ಟ ಮೂರು ಕಾರುಗಳನ್ನೂ ಮತ್ತೆ ಮಾಡಿದರು, ನಾನು ಮತ್ತೆ ಹೊಡೆದೆ. ಮೇಷ್ಟ್ರು ಕರೆಂಟ್ ತಂತಿಯ ಕೆಳಗೇ ಕಾರು ನಿಲ್ಲಿಸಿ ನೋಡಿ ತಲೆಯಾಡಿಸಿದರು.

ಹೋದ ಜೀವ ಬಂದ ಹಾಗಾಗಿತ್ತು ನನಗೆ. ಅಕ್ಕನಿಗೆ ಮಾತ್ರ ಸಮಾಧಾನವಿರಲಿಲ್ಲ. ನಾವು ನಗುನಗುತ್ತ ಹೇಳಿದ್ದನ್ನೆಲ್ಲ ಕೇಳಿ, ಲೋಟಗಳನ್ನು ತೆಗೆದುಕೊಂಡು ಒಳಗೆ ಹೋದವಳು ಮತ್ತೆ ಹೊರಗೆ ಬಂದಳು.

“ರೀ, ಕನ್ನಡಕದ್ದು ಗೊತ್ತಾಯ್ತು. ಕಣ್ಣಿಂದು ಗೊತ್ತಾಗೋದು ಬೇಡ್ವಾ?” ಎಂದಳು. “ನಾನು ನಿಮ್ಮನ್ನ ಅಡುಗೆಮನೇಲಿ ನೋಡಿದೀನಿ.”

ಭಾವನ ನಗು ನಿಂತಿತು. ನಾಳೆ ಹೋಗೋಣ ಎಂದರು.

ಆಸ್ಪತ್ರೆಯಲ್ಲಿ ಅವರನ್ನು ಒಂದು ಯಂತ್ರದ ಮುಂದಿನಿಂದ ಎಬ್ಬಿಸಿ ಇನ್ನೊಂದರ ಮುಂದೆ ಕೂರಿಸಿದರು. ಒಂದು ಯಂತ್ರ ಕಣ್ಣಿಗೆ ಫೂ ಎಂದು ಗಾಳಿ ಊದಿತು, ಭಾವ ಬೆಚ್ಚಿ ಹಿಂದಕ್ಕೆ ಹಾರಿದರು. ಕಣ್ಣಿಗೆ ಹನಿ ಬಿಟ್ಟು ಕಾಯಿಸಿ, ಕೊನೆಗೆ ಡಾಕ್ಟರಮ್ಮ ದೀಪ ಹಿಡಿದು ಒಳಗೆಲ್ಲ ಇಣುಕಿ ನೋಡಿದರು. ನಾನೂ ಅಕ್ಕನೂ ಗೋಡೆಗೆ ಅಂಟಿಕೊಂಡು ನಿಂತಿದ್ದೆವು. ಕಣ್ಣಿನ ಒತ್ತಡ ಸರಿಯಿದೆ, ನರವೂ ಚೆನ್ನಾಗಿದೆ, ಏನೂ ತೊಂದರೆಯಿಲ್ಲ, ವರ್ಷಕ್ಕೊಮ್ಮೆ ಬಂದು ತೋರಿಸಿ ಎಂದರು. ಅಕ್ಕ ಅಲ್ಲೇ ಇದ್ದ ಸ್ಟೂಲಿನ ಮೇಲೆ ಕುಸಿದು ಕೂತಳು. ಅದು ಡಾಕ್ಟರಮ್ಮನ ಸ್ಟೂಲು, ಆಕೆ ನಿಂತುಕೊಂಡೇ ಚೀಟಿ ಬರೆದರು.

ಭಾವ ಏಳಲಿಲ್ಲ. ತಾಯಿಗೆ ಹೇಗೆ ಶುರುವಾಯಿತು, ಭುಜ ಹೇಗೆ ಬಾಗಿಲಿಗೆ ತಗುಲುತ್ತಿತ್ತು, ಎಲ್ಲ ಹೇಳಿದರು. ನಮ್ಮಲ್ಲಿ ಯಾರಿಗೂ ಅಷ್ಟು ವಿವರವಾಗಿ ಅವರು ಹೇಳಿದ್ದೇ ಇಲ್ಲ. ಡಾಕ್ಟರಮ್ಮ ಪೂರ್ತಿ ಕೇಳಿದರು. ಆಕೆಯನ್ನು ನೋಡದೆ ಖಂಡಿತ ಹೇಳಲಾಗದು, ಆದರೆ ಕಣ್ಣಿನ ಒತ್ತಡದ ಕಾಯಿಲೆಯಂತೆಯೇ ಕಾಣುತ್ತದೆ, ಅದು ಮನೆತನದಲ್ಲಿ ಬರುವುದುಂಟು ಎಂದರು. ಹೆದರಬೇಕಾದ್ದಿಲ್ಲ, ಬೇಗ ಗೊತ್ತಾದರೆ ಹೆಚ್ಚಿನವರಿಗೆ ದಿನಾ ಹನಿ ಬಿಟ್ಟುಕೊಂಡರೆ ಕಣ್ಣು ಉಳಿಯುತ್ತದೆ ಎಂದರು.

ಹನಿ ಬಿಟ್ಟ ಕಣ್ಣಿಗೆ ಹೊರಗಿನ ಬಿಸಿಲು ತಡೆಯದು. ಭಾವ ಕಪ್ಪು ಕನ್ನಡಕ ಹಾಕಿಕೊಂಡು, ಅಕ್ಕನ ಕೈ ಹಿಡಿದು ಮೆಟ್ಟಿಲಿಳಿದರು. ನಾನು ಸ್ಕೂಟರ್ ತೆಗೆದು ತಂದರೆ ಅವರು ಕೊನೆಯ ಮೆಟ್ಟಿಲ ಮೇಲೆ ಕೂತಿದ್ದರು. ಕನ್ನಡಕದ ಕೆಳಗಿನಿಂದ ನೀರು ಇಳಿಯುತ್ತಿತ್ತು. ಅದು ಔಷಧಿಯ ನೀರಲ್ಲ.

“ಅಮ್ಮನಿಗೆ ಒಂದು ಹನಿ ಬೇಕಾಗಿತ್ತು ಅಷ್ಟೇ,” ಎಂದರು. “ವಯಸ್ಸಾಯ್ತು ಅಂತ ಯಾರೂ ಕರ್ಕೊಂಡು ಬರ್ಲಿಲ್ಲ.”

ಅಕ್ಕ ಅವರ ಬೆನ್ನು ಸವರುತ್ತ ಪಕ್ಕದಲ್ಲಿ ಕೂತಳು. ನಾನು ಸ್ಕೂಟರಿನ ಕನ್ನಡಿ ಒರೆಸುತ್ತ ನಿಂತೆ. ಭಾವ ಅತ್ತು ಮುಗಿಸಿ ಮುಖ ಒರೆಸಿಕೊಂಡರು. ಅವರ ಎದೆಯಿಂದ ಒಂದು ದೊಡ್ಡ ಉಸಿರು ಹೊರಗೆ ಬಂತು, ಎಷ್ಟು ವರ್ಷದಿಂದ ಹಿಡಿದಿಟ್ಟಿದ್ದರೋ ಏನೋ. ಆಮೇಲೆ ಕಂಬಿ ಹಿಡಿದು ಎದ್ದು ನಿಂತರು.

“ಪರೀಕ್ಷೆಗೆ ಮಗಳ ಹೆಸರೂ ಬರೆಸಿ ಬರ್ತೀನಿ, ಇಲ್ಲೇ ಇರಿ.”

ನಾನು ಹೋಗಿ ಬರೆಸುತ್ತೇನೆ, ನಿಮಗೆ ಈಗ ಸರಿಯಾಗಿ ಕಾಣುವುದಿಲ್ಲ ಎಂದೆ. ಕೇಳಲಿಲ್ಲ. ಒಂದೊಂದೇ ಮೆಟ್ಟಿಲನ್ನು ಕಾಲಿನಿಂದ ತಡವಿಕೊಂಡು, ಆ ಆಸ್ಪತ್ರೆಯ ಮೆಟ್ಟಿಲನ್ನು ತಾವಾಗಿಯೇ ಹತ್ತಿ ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಬಾಗಿಲಿಗೆ ಬಂದು, “ಮಗಳ ಜೊತೆಗೆ ನಿಮ್ಮಿಬ್ಬರ ಹೆಸರನ್ನೂ ಬರೆಸಿದೀನಿ” ಎಂದು ಅಲ್ಲಿಂದಲೇ ಕೂಗಿ ಹೇಳಿದರು.